ಹೋದ ದಾರಿಯಲ್ಲೇ ಮರಳಬೇಕು: ತಾಲ್ಲೂಕು ಫೈರ್‌ವಾಲ್‌ಗಳಲ್ಲಿ ಓಎಸ್‌ಪಿಎಫ್ ಅಳವಡಿಕೆ

ತಾಂತ್ರಿಕ ಸಿಬ್ಬಂದಿಯ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ. ತಾಲ್ಲೂಕು ಪಂಚಾಯತ್ ಕಾರ್ಯನಿರ್ವಾಹಕ ಅಧಿಕಾರಿಗಳು ಹಾಗೂ ಗಣಕಯಂತ್ರ ಸಿಬ್ಬಂದಿಯ ಅವಗಾಹನೆಗಾಗಿ.



ನಮ್ಮ ಕಚೇರಿಗಳ ಕೌಂಟರುಗಳಲ್ಲಿ ಅತಿ ಹೆಚ್ಚು ಬಾರಿ ಕೇಳಿಬರುವ ಮಾತು ‘ಸರ್ವರ್ ಇಲ್ಲ’ ಎಂಬುದಾಗಿದೆ. ಕಸಬಾ, ಬೇಗೂರು, ಹಂಗಳ, ತೆರಕಣಾಂಬಿ ಹೋಬಳಿಗಳ ಹಳ್ಳಿಗಳಿಂದಲೂ ಬಂಡೀಪುರದ ಕಾಡಂಚಿನ ಹಾಡಿಗಳಿಂದಲೂ ಗುಂಡ್ಲುಪೇಟೆಗೆ ಬಂದವರು ಈ ಮಾತನ್ನು ಕೇಳಿ, ಒಂದು ದಿನದ ಕೂಲಿಯನ್ನೂ ಬಸ್ಸಿನ ಖರ್ಚನ್ನೂ ಕಳೆದುಕೊಂಡು ಹಿಂದಿರುಗುತ್ತಾರೆ. ಆದರೆ ಸರ್ವರ್ ಬಹುತೇಕ ಸಂದರ್ಭಗಳಲ್ಲಿ ತನ್ನ ಸ್ಥಳದಲ್ಲಿ ಸುಸ್ಥಿತಿಯಲ್ಲೇ ಇರುತ್ತದೆ. ಇಲ್ಲದಿರುವುದು ಅಲ್ಲಿಗೆ ಹೋಗುವ ದಾರಿ. ಎರಡನೆಯ ದಾರಿಗೆ ಹಣ ಕೊಟ್ಟು, ತಂತಿ ಎಳೆಸಿ, ಪೆಟ್ಟಿಗೆ ಕೂರಿಸಿದ ಕಡೆಗಳಲ್ಲಿಯೂ ಇದೇ ಮಾತು ಕೇಳಿಬಂದರೆ ಅದಕ್ಕೆ ಹಣದ ಕೊರತೆ ಕಾರಣವಲ್ಲ, ಸಂರಚನೆಯ ಕೊರತೆಯೇ ಕಾರಣ.

ಇದು ಕೇವಲ ಅನುಕೂಲದ ಪ್ರಶ್ನೆಯಲ್ಲ. ಉದ್ಯೋಗ ಖಾತರಿಯ ಹಾಜರಾತಿ ಪಟ್ಟಿ ಮುಕ್ತಾಯಗೊಂಡ 15 ದಿನಗಳೊಳಗೆ ಕೂಲಿ ಪಾವತಿಯಾಗಬೇಕೆಂಬುದು ಕಾನೂನಿನ ಆಶಯ. ಕೂಲಿಪಟ್ಟಿಯ ದಾಖಲೆ ಸಿದ್ಧವಿದ್ದೂ ಸಂಪರ್ಕ ಕಡಿದ ಕಾರಣಕ್ಕೆ ಎರಡು ದಿನ ಹಾಗೆಯೇ ಉಳಿದರೆ, ಆ ವಿಳಂಬದ ಹೊರೆ ಬೀಳುವುದು ಕೂಲಿಕಾರರ ಮನೆಯ ಮೇಲೆ.

ಆದುದರಿಂದ ಇಂದಿನ ವಿಷಯವನ್ನು ಒಂದೇ ಮಾತಿನಲ್ಲಿ ಮೊದಲೇ ಹೇಳಿಬಿಡುತ್ತೇನೆ. ದಾರಿಯನ್ನು ತಾನೇ ಆರಿಸಿಕೊಳ್ಳುವ ವ್ಯವಸ್ಥೆಯನ್ನು ಸಾಧಾರಣ ರೂಟರಿನಲ್ಲಿ ಅಳವಡಿಸುವುದು ಬೇರೆ, ಫೈರ್‌ವಾಲಿನಲ್ಲಿ ಅಳವಡಿಸುವುದು ಬೇರೆ. ರೂಟರಿಗೆ ಪೊಟ್ಟಣವು ಮುಟ್ಟಬೇಕಾದ ಕಡೆ ಮುಟ್ಟಿದರೆ ಸಾಕು. ಫೈರ್‌ವಾಲಿಗೆ ಅಷ್ಟು ಸಾಲದು. ಹೋದದ್ದು ಹೋದ ದಾರಿಯಲ್ಲೇ ಮರಳಬೇಕು, ದಾರಿ ಹೇಳುವವನು ಪರಿಚಿತನೇ ಆಗಿರಬೇಕು. ಈ ಎರಡು ನಿಯಮಗಳನ್ನು ಪಾಲಿಸಿದರೆ ಉಳಿದುದೆಲ್ಲ ಸುಲಭ.

1. ಸ್ಥಿರ ಮಾರ್ಗಗಳ ಮಿತಿ

ರಾಜ್ಯ ವ್ಯಾಪ್ತಿ ಜಾಲದ ಯೋಜನೆಯನ್ನು ಕೇಂದ್ರ ಸರ್ಕಾರವು 2005ರ ಮಾರ್ಚ್‌ನಲ್ಲಿ ಅನುಮೋದಿಸಿದಾಗ, ರಾಜ್ಯ ಕೇಂದ್ರದಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ ಕನಿಷ್ಠ 2 ಎಂಬಿಪಿಎಸ್ ಸಂಪರ್ಕವನ್ನು ಉದ್ದೇಶಿಸಲಾಗಿತ್ತು. ಕರ್ನಾಟಕದಲ್ಲಿ ಅದು ಕೆಸ್ವಾನ್ ಆಯಿತು. 2011ರಲ್ಲಿ ಅನುಮೋದನೆ ಪಡೆದು ಮುಂದೆ ಭಾರತ್‌ನೆಟ್ ಎಂಬ ಹೆಸರು ಪಡೆದ ಯೋಜನೆಯು ಆಪ್ಟಿಕಲ್ ಫೈಬರನ್ನು ಗ್ರಾಮ ಪಂಚಾಯತಿಯವರೆಗೆ ಒಯ್ಯುವ ಗುರಿ ಹೊಂದಿತು. ಜಿಲ್ಲೆಯಿಂದ ತಾಲ್ಲೂಕಿಗೆ ಒಂದೇ ದಾರಿ ಇದ್ದ ಕಾಲದಲ್ಲಿ ಆ ದಾರಿಯನ್ನು ಕೈಯಿಂದ ಬರೆದಿಟ್ಟರೆ ಸಾಕಾಗುತ್ತಿತ್ತು. ಇದನ್ನೇ ಸ್ಥಿರ ಮಾರ್ಗ ಎನ್ನುತ್ತೇವೆ.

ಚಾಮರಾಜನಗರದಿಂದ ಗುಂಡ್ಲುಪೇಟೆಗೆ ತೆರಕಣಾಂಬಿಯ ಮೇಲಿನ ನೇರ ರಸ್ತೆಯಿದೆ. ನಂಜನಗೂಡು, ಬೇಗೂರುಗಳ ಮೇಲಿನ ಸುತ್ತು ರಸ್ತೆಯೂ ಇದೆ. ತೆರಕಣಾಂಬಿಯ ಬಳಿ ಮರ ಬಿದ್ದು ರಸ್ತೆ ಮುಚ್ಚಿದರೆ ಬಸ್ಸಿನ ಚಾಲಕರು ವಿಚಾರಿಸಿಕೊಂಡು ಬೇಗೂರಿನ ಕಡೆ ತಿರುಗುತ್ತಾರೆ. ಸ್ಥಿರ ಮಾರ್ಗವನ್ನು ನಂಬಿದ ಫೈರ್‌ವಾಲ್ ಹಾಗೆ ಮಾಡಲಾರದು. ಬಿದ್ದ ಮರದ ಮುಂದೆಯೇ ವಾಹನಗಳನ್ನು ಒಂದರ ಹಿಂದೆ ಒಂದಾಗಿ ಕಳುಹಿಸುತ್ತಲೇ ಇರುತ್ತದೆ.

ಇದಕ್ಕೆ ಕಾರಣವೂ ಸರಳ. ಫೈಬರ್ ತುಂಡಾಗುವುದು ಹೆಚ್ಚಾಗಿ ರಸ್ತೆ ಅಗೆತದಲ್ಲಿ, ಕಚೇರಿಯಿಂದ ಹಲವು ಕಿಲೋಮೀಟರ್ ಆಚೆ. ನಮ್ಮ ಫೈರ್‌ವಾಲಿನಿಂದ ಹೊರಟ ತಾಮ್ರದ ಕೇಬಲ್ ಪಕ್ಕದ ಮೀಡಿಯಾ ಕನ್ವರ್ಟರಿಗೆ ಸೇರಿರುತ್ತದೆ. ಆ ಪೆಟ್ಟಿಗೆಗೆ ವಿದ್ಯುತ್ ಇರುವವರೆಗೂ ಪೋರ್ಟಿನ ಹಸಿರು ದೀಪ ಸಾಮಾನ್ಯವಾಗಿ ಉರಿಯುತ್ತಲೇ ಇರುತ್ತದೆ. ದೀಪ ಉರಿಯುತ್ತಿರುವುದರಿಂದ ದಾರಿ ತೆರೆದಿದೆ ಎಂದು ಫೈರ್‌ವಾಲ್ ತಿಳಿಯುತ್ತದೆ. ಸ್ಥಿರ ಮಾರ್ಗ ಪಟ್ಟಿಯಿಂದ ಅಳಿಯುವುದಿಲ್ಲ. ಎರಡನೆಯ ದಾರಿ ಬಳಕೆಗೆ ಬರುವುದಿಲ್ಲ.

ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ ಎಂಬುದು ಎಲ್ಲರಿಗೂ ಮೊದಲೇ ಗೊತ್ತು. ಅದಕ್ಕೆ ತಕ್ಕಂತೆ ಪ್ರಯಾಣ ಹೊಂದಿಸಿಕೊಳ್ಳುತ್ತೇವೆ. ಫೈಬರ್ ತುಂಡಾಗುವುದು ಹೇಳಿಕೇಳಿ ಬರುವುದಿಲ್ಲ. ಹೇಳದೆ ಬರುವ ಅಡಚಣೆಗೆ ತಾನಾಗಿ ಸ್ಪಂದಿಸುವ ವ್ಯವಸ್ಥೆಯೇ ಡೈನಮಿಕ್ ರೂಟಿಂಗ್.

2. ಓಎಸ್‌ಪಿಎಫ್ ಕಾರ್ಯನಿರ್ವಹಿಸುವ ಬಗೆ

ಇಂತಹ ನಿಯಮಾವಳಿಗಳಲ್ಲಿ ಹಳೆಯದಾದ ರಿಪ್ ದಾರಿಯಲ್ಲಿ ಎಷ್ಟು ರೂಟರುಗಳಿವೆ ಎಂಬುದನ್ನು ಮಾತ್ರ ಎಣಿಸುತ್ತದೆ. 15ಕ್ಕಿಂತ ಹೆಚ್ಚಾದರೆ ಆ ಸ್ಥಳವನ್ನು ತಲುಪಲಾಗದು ಎಂದು ಭಾವಿಸುತ್ತದೆ. ಬಿಜಿಪಿ ಎಂಬುದು ಸ್ವತಂತ್ರ ಆಡಳಿತದ ದೊಡ್ಡ ಜಾಲಗಳ ನಡುವಿನ ಒಪ್ಪಂದದ ಭಾಷೆ. ಒಂದೇ ಆಡಳಿತದ ಒಳಗೆ, ಜಿಲ್ಲೆ ಮತ್ತು ತಾಲ್ಲೂಕುಗಳ ನಡುವೆ, ಸೂಕ್ತವಾದದ್ದು ಓಎಸ್‌ಪಿಎಫ್. ಅದರ ಇಂದಿನ ಎರಡನೆಯ ಆವೃತ್ತಿಯ ದಾಖಲೆ 1998ರ ಏಪ್ರಿಲ್‌ನದು. ಇದು ಯಾವುದೇ ಒಂದು ಕಂಪನಿಯ ಸ್ವತ್ತಲ್ಲವಾದ್ದರಿಂದ ಬೇರೆ ಬೇರೆ ತಯಾರಕರ ಸಾಧನಗಳು ಪರಸ್ಪರ ಮಾತನಾಡಬಲ್ಲವು. ಟೆಂಡರಿನ ಮೂಲಕ ಖರೀದಿಸುವ ನಮಗೆ ಇದು ಮುಖ್ಯ.

ಪ್ರತಿಯೊಂದು ಸಾಧನವೂ ತನ್ನ ನೆರೆಯ ಸಾಧನಕ್ಕೆ ಸಾಮಾನ್ಯವಾಗಿ 10 ಸೆಕೆಂಡಿಗೊಮ್ಮೆ ಹಲೋ ಸಂದೇಶ ಕಳುಹಿಸುತ್ತದೆ. 40 ಸೆಕೆಂಡುಗಳವರೆಗೆ ಹಲೋ ಬಾರದಿದ್ದರೆ, ಪೋರ್ಟಿನ ದೀಪ ಉರಿಯುತ್ತಿದ್ದರೂ, ನೆರೆಯ ಸಾಧನ ಕೈಗೆ ಸಿಗುತ್ತಿಲ್ಲವೆಂದು ತೀರ್ಮಾನಿಸುತ್ತದೆ. ಒಂದೊಂದು ದಾರಿಗೂ ಒಂದು ವೆಚ್ಚದ ಅಂಕಿಯಿದ್ದು, ಒಟ್ಟು ವೆಚ್ಚ ಕಡಿಮೆಯಿರುವ ದಾರಿಯನ್ನು ಆರಿಸಿಕೊಳ್ಳುತ್ತದೆ. ಈ ಲೆಕ್ಕಾಚಾರದ ವಿಧಾನವನ್ನು ನೆದರ್‌ಲ್ಯಾಂಡ್ಸ್‌ನ ಎಡ್ಸ್‌ಗರ್ ಡೈಕ್‌ಸ್ಟ್ರಾ ಅವರು 1956ರಲ್ಲಿ ರೂಪಿಸಿ 1959ರಲ್ಲಿ ಪ್ರಕಟಿಸಿದರು. ರಾಟರ್‌ಡ್ಯಾಮ್‌ನಿಂದ ಗ್ರೋನಿಂಗನ್‌ಗೆ ಅತಿ ಹತ್ತಿರದ ದಾರಿ ಯಾವುದು ಎಂಬುದು ಅವರು ಎತ್ತಿಕೊಂಡ ಪ್ರಶ್ನೆ. ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಯಾವ ದಾರಿ ಎಂಬ ನಮ್ಮ ಪ್ರಶ್ನೆಯೂ ಅದೇ ಜಾತಿಯದು.

3. ಉದಾಹರಣೆಯ ಜಾಲ

ಮುಂದಿನ ವಿವರಣೆಗೆ ಒಂದು ಮಾದರಿ ಜಾಲವನ್ನು ಇಟ್ಟುಕೊಳ್ಳೋಣ. ಇಲ್ಲಿ ಬಳಸಿದ ವಿಳಾಸಗಳು ಬೋಧನೆಗಾಗಿ ಮಾತ್ರ. ಚಾಲ್ತಿಯಲ್ಲಿರುವ ವಿಳಾಸಗಳನ್ನಾಗಲೀ ಸಾಧನಗಳ ಮಾದರಿಯನ್ನಾಗಲೀ ಸುತ್ತೋಲೆಯಲ್ಲಿ ಅಚ್ಚು ಮಾಡಬಾರದು.

ಜಿಲ್ಲಾ ಕೇಂದ್ರದ ಒಳಜಾಲ 10.50.0.0/24, ಗುಂಡ್ಲುಪೇಟೆ ತಾಲ್ಲೂಕು ಕಚೇರಿಯ ಒಳಜಾಲ 10.50.1.0/24. ಇವೆರಡರ ನಡುವೆ ಎರಡು ಸಂಪರ್ಕಗಳಿವೆ. ಮೊದಲನೆಯದು ಬಾಡಿಗೆ ಫೈಬರ್, 10.50.255.0/30. ಎರಡನೆಯದು ಸಾಮಾನ್ಯ ಬ್ರಾಡ್‌ಬ್ಯಾಂಡ್ ಮೇಲೆ ಗೂಢಲಿಪೀಕರಿಸಿದ ಐಪಿಸೆಕ್ ಸುರಂಗ, 10.50.255.4/30.

ಸುರಂಗದ ವಿಷಯದಲ್ಲಿ ಒಂದು ಎಚ್ಚರಿಕೆ. ಓಎಸ್‌ಪಿಎಫ್‌ನ ಹಲೋ ಸಂದೇಶವು 224.0.0.5 ಎಂಬ ಮಲ್ಟಿಕಾಸ್ಟ್ ವಿಳಾಸಕ್ಕೆ ಹೋಗುತ್ತದೆ. ‘ಈ ಜಾಲದಿಂದ ಆ ಜಾಲಕ್ಕೆ’ ಎಂದು ಮಾತ್ರ ನಮೂದಿಸಿದ ಹಳೆಯ ಮಾದರಿಯ ಸುರಂಗದಲ್ಲಿ ಇದಕ್ಕೆ ಅವಕಾಶವಿರುವುದಿಲ್ಲ. ಆದ್ದರಿಂದ ತನ್ನದೇ ವಿಳಾಸವುಳ್ಳ ಟನಲ್ ಇಂಟರ್‌ಫೇಸ್ ಇರುವ ಸುರಂಗವನ್ನೇ ನಿರ್ಮಿಸಬೇಕು.

4. ನೆರೆತನ ಬೆಳೆಯಲು ಹೊಂದಿಕೆಯಾಗಬೇಕಾದ ಅಂಶಗಳು

ಎರಡು ಫೈರ್‌ವಾಲ್‌ಗಳು ಪರಸ್ಪರ ನೆರೆಯವರಾಗಲು ಈ ಕೆಳಗಿನವು ಸರಿಯಾಗಿರಬೇಕು.

(ಅ) ರೂಟರ್ ಗುರುತು: ಪ್ರತಿ ಸಾಧನಕ್ಕೂ ಬೇರೆಯಾದ ಗುರುತನ್ನು ಕೈಯಿಂದಲೇ ನೀಡಬೇಕು. ಸಾಧನವೇ ಆರಿಸಿಕೊಳ್ಳಲು ಬಿಟ್ಟರೆ, ಪುನರಾರಂಭದ ನಂತರ ಗುರುತು ಬದಲಾಗುವ ಸಾಧ್ಯತೆಯಿದೆ.

(ಆ) ಪ್ರದೇಶ ಸಂಖ್ಯೆ, ಪ್ರದೇಶದ ಬಗೆ, ಹಲೋ ಮತ್ತು ನಿರೀಕ್ಷಾ ಅವಧಿ: ಎರಡೂ ತುದಿಗಳಲ್ಲಿ ಒಂದೇ ಆಗಿರಬೇಕು. ಒಂದು ತುದಿಯಲ್ಲಿ 10 ಮತ್ತು 40, ಇನ್ನೊಂದು ತುದಿಯಲ್ಲಿ 30 ಮತ್ತು 120 ಇದ್ದರೆ ನೆರೆತನ ಆರಂಭವೇ ಆಗದು.

(ಇ) ಸಂಪರ್ಕದ ಬಗೆ: ಎರಡೇ ತುದಿಗಳಿರುವ ಸಂಪರ್ಕವನ್ನು ಪಾಯಿಂಟ್ ಟು ಪಾಯಿಂಟ್ ಎಂದು ಎರಡೂ ಕಡೆ ನಮೂದಿಸಬೇಕು. ಆಗ ಮುಖ್ಯ ರೂಟರಿನ ಆಯ್ಕೆಯ ಗೊಡವೆ ಇರುವುದಿಲ್ಲ.

(ಈ) ಪೊಟ್ಟಣದ ಗಾತ್ರ: ಫೈಬರ್ ಮೇಲೆ ಎಂಟಿಯು 1500 ಬೈಟ್ ಇದ್ದರೆ ಸುರಂಗದ ಮೇಲೆ ಅದು ಕಡಿಮೆಯಿರುತ್ತದೆ. ಎರಡೂ ತುದಿಗಳಲ್ಲಿ ಒಂದೇ ಗಾತ್ರವನ್ನು, ಉದಾಹರಣೆಗೆ 1400, ನಮೂದಿಸಬೇಕು. ಗಾತ್ರ ಹೊಂದದಿದ್ದರೆ ಹಲೋ ಸಾಗುತ್ತದೆ, ಆದರೆ ನೆರೆತನವು ‘ಎಕ್ಸ್‌ಸ್ಟಾರ್ಟ್’ ಎಂಬ ನಡುಹಂತದಲ್ಲಿ ನಿಂತುಬಿಡುತ್ತದೆ. ಗಾತ್ರದ ಪರಿಶೀಲನೆಯನ್ನೇ ಬಿಟ್ಟುಬಿಡುವ ಆಯ್ಕೆ ಕೆಲವು ಸಾಧನಗಳಲ್ಲಿದೆ. ಅದು ರೋಗವನ್ನು ಮುಚ್ಚುತ್ತದೆಯೇ ಹೊರತು ಗುಣಪಡಿಸುವುದಿಲ್ಲ.

(ಉ) ಫೈರ್‌ವಾಲಿನ ಸ್ವಂತ ಬಾಗಿಲು: ಇದು ರೂಟರಿನಲ್ಲಿ ಸಾಮಾನ್ಯವಾಗಿ ಎದುರಾಗದ ಅಂಶ. ತನ್ನ ಮೂಲಕ ಹಾದುಹೋಗುವ ಸಂಚಾರಕ್ಕೆ ಒಂದು ನಿಯಮ, ತನಗೇ ಬರುವ ಸಂಚಾರಕ್ಕೆ ಮತ್ತೊಂದು ನಿಯಮ ಫೈರ್‌ವಾಲಿನಲ್ಲಿರುತ್ತದೆ. ಓಎಸ್‌ಪಿಎಫ್ ಬಳಸುವುದು ಟಿಸಿಪಿ ಅಥವಾ ಯುಡಿಪಿ ಪೋರ್ಟನ್ನಲ್ಲ. ಐಪಿ ನಿಯಮಾವಳಿ ಸಂಖ್ಯೆ 89ನ್ನು. ಕೆಲವು ತಯಾರಕರ ಸಾಧನಗಳಲ್ಲಿ ಇದನ್ನು ಪ್ರತ್ಯೇಕವಾಗಿ ಅನುಮತಿಸಬೇಕಾಗುತ್ತದೆ. ಆ ಅನುಮತಿಯನ್ನು ಎರಡು ಸಂಪರ್ಕ ಇಂಟರ್‌ಫೇಸ್‌ಗಳಿಗೆ ಮಾತ್ರ ನೀಡಬೇಕು.

(ಊ) ದೃಢೀಕರಣ: ದಾರಿ ಹೇಳುವವನು ಪರಿಚಿತನೇ ಎಂಬುದನ್ನು ಖಚಿತಪಡಿಸುವ ಸಾಧನ ಇದು. ಗುಪ್ತಪದವಿಲ್ಲದ ಓಎಸ್‌ಪಿಎಫ್ ಎಂದರೆ ಯಾರು ಬಂದು ‘ದಾರಿ ಈ ಕಡೆ’ ಎಂದರೂ ನಂಬುವ ಚೌಕಿ. ಸಾಧನವು ಬೆಂಬಲಿಸಿದರೆ 2009ರಲ್ಲಿ ಸೇರ್ಪಡೆಯಾದ ಶಾ ಕುಟುಂಬದ ವಿಧಾನವನ್ನು, ಇಲ್ಲವಾದರೆ ಕನಿಷ್ಠ ಎಂಡಿ5 ವಿಧಾನವನ್ನು ಬಳಸಬೇಕು. ಒಳಜಾಲದ ಇಂಟರ್‌ಫೇಸನ್ನು ಪ್ಯಾಸಿವ್ ಎಂದು ಗುರುತಿಸಬೇಕು. ಆಗ ಅದರ ವಿಳಾಸವು ನೆರೆಯವರಿಗೆ ತಿಳಿಯುತ್ತದೆ, ಆದರೆ ಕಚೇರಿಯ ಯಾವ ಗಣಕಯಂತ್ರವೂ ರೂಟರಿನಂತೆ ನಟಿಸಿ ನೆರೆತನ ಬೆಳೆಸಲಾರದು.

5. ಹೋದ ದಾರಿ ಮತ್ತು ಮರಳುವ ದಾರಿ

ಈಗ ಪ್ರಧಾನ ವಿಷಯಕ್ಕೆ ಬರುತ್ತೇನೆ. ಮೇಲುಕಾಮನಹಳ್ಳಿ ಅಥವಾ ಮದ್ದೂರಿನ ಚೆಕ್‌ಪೋಸ್ಟನ್ನು ತಾವೆಲ್ಲರೂ ಬಲ್ಲಿರಿ. ಅಲ್ಲಿ ಹೀಗೊಂದು ನಿಯಮವಿದೆಯೆಂದು ಊಹಿಸಿಕೊಳ್ಳಿ: ಒಳಗೆ ಹೋದ ವಾಹನದ ಸಂಖ್ಯೆಯನ್ನು ಪುಸ್ತಕದಲ್ಲಿ ಬರೆದುಕೊಳ್ಳಬೇಕು, ಆ ಪುಸ್ತಕದಲ್ಲಿರುವ ವಾಹನವನ್ನು ಮಾತ್ರ ಹೊರಗೆ ಬಿಡಬೇಕು. ಮೇಲುಕಾಮನಹಳ್ಳಿಯಲ್ಲಿ ಒಳಹೋದ ವಾಹನ ಮದ್ದೂರಿನಲ್ಲಿ ಹೊರಬರಲು ನಿಂತರೆ, ಅಲ್ಲಿನ ಪುಸ್ತಕದಲ್ಲಿ ಅದರ ಸಂಖ್ಯೆ ಇರುವುದಿಲ್ಲ. ಕಾವಲುಗಾರ ತನ್ನ ಕರ್ತವ್ಯದಂತೆ ಅದನ್ನು ತಡೆಯುತ್ತಾನೆ.

ಫೈರ್‌ವಾಲ್ ನಡೆದುಕೊಳ್ಳುವುದೂ ಹೀಗೆಯೇ. ಹೊರಟ ಪ್ರತಿ ಸಂಪರ್ಕವನ್ನು ಸೆಷನ್ ಪಟ್ಟಿಯಲ್ಲಿ ದಾಖಲಿಸಿ, ಅದರ ಉತ್ತರವನ್ನು ಮಾತ್ರ ಒಳಗೆ ಬಿಡುತ್ತದೆ. ಪ್ರಶ್ನೆ ಒಂದು ಫೈರ್‌ವಾಲಿನ ಮೂಲಕ ಹೋಗಿ ಉತ್ತರ ಇನ್ನೊಂದರ ಮೂಲಕ ಬಂದರೆ, ಎರಡನೆಯದು ಅದನ್ನು ಬಿಸಾಡುತ್ತದೆ. ಎರಡೂ ಸಂಪರ್ಕಗಳು ಒಂದೇ ಫೈರ್‌ವಾಲಿಗೆ ಸೇರಿದ್ದರೂ, ಅವುಗಳನ್ನು ಬೇರೆ ಬೇರೆ ವಲಯಗಳಲ್ಲಿಟ್ಟಿದ್ದರೆ ಇದೇ ಪರಿಣಾಮ ಉಂಟಾಗಬಹುದು. ಆಗ ಕಾಣುವ ಲಕ್ಷಣ ಬಹಳ ಗೊಂದಲಕಾರಿ: ನೆರೆತನ ಪೂರ್ಣವಾಗಿದೆ, ಪಟ್ಟಿಯಲ್ಲಿ ಮಾರ್ಗಗಳೆಲ್ಲ ಇವೆ, ದೀಪಗಳೆಲ್ಲ ಹಸಿರು, ಆದರೂ ತಂತ್ರಾಂಶದ ಪುಟ ತೆರೆಯುವುದಿಲ್ಲ. ಕೌಂಟರಿನಲ್ಲಿ ಮತ್ತೆ ಅದೇ ಮಾತು, ‘ಸರ್ವರ್ ಇಲ್ಲ’.

ಈ ಅಡಚಣೆ ಹುಟ್ಟುವುದು ವೆಚ್ಚದ ಅಂಕಿಯಿಂದ. ಓಎಸ್‌ಪಿಎಫ್‌ನಲ್ಲಿ ವೆಚ್ಚವನ್ನು ಹೊರಹೋಗುವ ತುದಿಯಲ್ಲಿ ಮಾತ್ರ ಲೆಕ್ಕ ಹಾಕಲಾಗುತ್ತದೆ. ಗುಂಡ್ಲುಪೇಟೆಯ ತುದಿಯಲ್ಲಿ ಫೈಬರಿಗೆ 10, ಸುರಂಗಕ್ಕೆ 100 ಎಂದು ನಮೂದಿಸಿ ಚಾಮರಾಜನಗರದ ತುದಿಯನ್ನು ಹಾಗೆಯೇ ಬಿಟ್ಟರೆ, ಹೋಗುವ ದಾರಿ ಫೈಬರ್ ಆಗಿ ಮರಳುವ ದಾರಿ ಸುರಂಗವಾಗುವ ಸಂಭವವಿದೆ. ಸಾಧನವೇ ತಾನಾಗಿ ನೀಡುವ ಅಂಕಿಯನ್ನು ನಂಬುವಂತಿಲ್ಲ. ಹಳೆಯ ರೂಢಿಯಂತೆ ಅನೇಕ ಸಾಧನಗಳು 100 ಎಂಬಿಪಿಎಸ್ ವೇಗವನ್ನು ಮೂಲಮಾನವಾಗಿಟ್ಟು ಭಾಗಿಸುತ್ತವೆ. ಅದರಂತೆ 10 ಎಂಬಿಪಿಎಸ್ ದಾರಿಗೆ 10, 100ಕ್ಕೆ 1. 1000 ಎಂಬಿಪಿಎಸ್ ದಾರಿಗೂ 1. ಸುರಂಗದ ವೇಗವನ್ನಂತೂ ಒಂದೊಂದು ಸಾಧನ ಒಂದೊಂದು ಬಗೆಯಲ್ಲಿ ಊಹಿಸುತ್ತದೆ.

ಆದುದರಿಂದ ನಿಯಮ ಹೀಗಿರಲಿ: ಪ್ರತಿ ಸಂಪರ್ಕದ ಎರಡೂ ತುದಿಗಳಲ್ಲಿ ಒಂದೇ ವೆಚ್ಚವನ್ನು ಕೈಯಿಂದ ನಮೂದಿಸುವುದು, ಎರಡೂ ಸಂಪರ್ಕಗಳನ್ನು ಒಂದೇ ವಲಯದಲ್ಲಿಟ್ಟು, ಭದ್ರತಾ ನಿಯಮವನ್ನು ಆ ವಲಯಕ್ಕೆ ಬರೆಯುವುದು, ಕಚೇರಿಗಳ ನಡುವಿನ ಸಂಚಾರಕ್ಕೆ ವಿಳಾಸ ಬದಲಾವಣೆ, ಅಂದರೆ ನ್ಯಾಟ್, ಹಾಕದಿರುವುದು. ಆಗ ಫೈಬರ್ ಕಡಿದು ಸುರಂಗಕ್ಕೆ ಬದಲಾದಾಗಲೂ ಅರ್ಧ ತುಂಬಿದ ಅರ್ಜಿ ಉಳಿಯುವ ಸಾಧ್ಯತೆ ಹೆಚ್ಚು.

ಹಳೆಯ ಸ್ಥಿರ ಮಾರ್ಗಗಳ ಬಗ್ಗೆಯೂ ಗಮನವಿರಲಿ. ಒಂದೇ ಸ್ಥಳಕ್ಕೆ ಎರಡು ಬಗೆಯ ಮಾರ್ಗಗಳಿದ್ದರೆ ಸ್ಥಿರ ಮಾರ್ಗಕ್ಕೇ ಸಾಮಾನ್ಯವಾಗಿ ಆದ್ಯತೆ ಸಿಗುತ್ತದೆ. ಓಎಸ್‌ಪಿಎಫ್ ಅಳವಡಿಸಿಯೂ ಹಳೆಯದನ್ನು ತೆಗೆಯದಿದ್ದರೆ ಹೊಸ ವ್ಯವಸ್ಥೆ ಅಲಂಕಾರಕ್ಕೆ ಮಾತ್ರ. ತುರ್ತಿಗಾಗಿ ಉಳಿಸಿಕೊಳ್ಳಬೇಕೆಂದಿದ್ದರೆ ಅದರ ಆದ್ಯತೆಯನ್ನು ಓಎಸ್‌ಪಿಎಫ್‌ಗಿಂತ ಕೆಳಗಿಳಿಸಬೇಕು.

6. ಯಾರು ಯಾವ ದಾರಿಯನ್ನು ಸಾರಬೇಕು

2008ರ ಫೆಬ್ರವರಿ 24ರಂದು ಪಾಕಿಸ್ತಾನ್ ಟೆಲಿಕಾಂ ಸಂಸ್ಥೆಯು ತನ್ನ ದೇಶದೊಳಗೆ ಯೂಟ್ಯೂಬ್ ತಡೆಯಲು ಹೊರಟು, 208.65.153.0/24 ಎಂಬ ವಿಳಾಸದ ದಾರಿ ತನ್ನ ಬಳಿಯಿದೆ ಎಂದು ಸಾರಿತು. ಯೂಟ್ಯೂಬ್ ಸಾರಿದ್ದ ವಿಳಾಸ ಅದಕ್ಕಿಂತ ವಿಶಾಲವಾದ 208.65.152.0/22. ಹೆಚ್ಚು ನಿರ್ದಿಷ್ಟವಾದ ವಿಳಾಸಕ್ಕೇ ಆದ್ಯತೆ ಎಂಬ ನಿಯಮದಂತೆ ಜಗತ್ತಿನ ಬಹುಭಾಗದ ಸಂಚಾರ ಆ ಕಡೆ ಹರಿದು, ಸುಮಾರು ಎರಡು ಗಂಟೆಗಳ ಕಾಲ ಯೂಟ್ಯೂಬ್ ಅಲಭ್ಯವಾಯಿತು. ಅದು ಬಿಜಿಪಿಯ ಪ್ರಕರಣವಾದರೂ ಪಾಠ ನಮಗೂ ಅನ್ವಯಿಸುತ್ತದೆ. ಒಂದು ತಾಲ್ಲೂಕಿನ ಸಾಧನವು ‘ಎಲ್ಲ ಕಡೆಗೂ ದಾರಿ ನನ್ನ ಬಳಿಯಿದೆ’ ಎಂದು ಸಾರಿದರೆ ಬೇರೆ ಕಚೇರಿಗಳ ಸಂಚಾರವೂ ಅದರ ಸಣ್ಣ ಬ್ರಾಡ್‌ಬ್ಯಾಂಡಿಗೆ ನುಗ್ಗಬಹುದು.

ನಮ್ಮ ಜಿಲ್ಲೆಯಲ್ಲಿರುವುದು ಚಾಮರಾಜನಗರ, ಗುಂಡ್ಲುಪೇಟೆ, ಕೊಳ್ಳೇಗಾಲ, ಯಳಂದೂರು, ಹನೂರು ಎಂಬ ಐದೇ ತಾಲ್ಲೂಕುಗಳು. ಗಾತ್ರವನ್ನಷ್ಟೇ ನೋಡಿದರೆ ಎಲ್ಲವನ್ನೂ ಒಂದೇ ಪ್ರದೇಶದಲ್ಲಿಡಬಹುದು. ಆದರೆ ಒಂದೇ ಪ್ರದೇಶದೊಳಗೆ ಎಲ್ಲ ಸಾಧನಗಳ ಬಳಿಯೂ ಒಂದೇ ನಕ್ಷೆ ಇರಬೇಕೆಂಬುದು ಓಎಸ್‌ಪಿಎಫ್‌ನ ನಿಯಮ. ಅಲ್ಲಿ ತಪ್ಪು ಸಾರಿಕೆಯನ್ನು ತಡೆಯುವ ಗಡಿ ಇಲ್ಲ. ಗಡಿ ಬೇಕೆಂಬ ಕಾರಣಕ್ಕೆ, ಜಿಲ್ಲಾ ಕೇಂದ್ರದ ಒಳಜಾಲವನ್ನು ಪ್ರದೇಶ 0 ಎಂದೂ ಪ್ರತಿ ತಾಲ್ಲೂಕನ್ನು ತನ್ನದೇ ಪ್ರದೇಶವೆಂದೂ ಮಾಡುವುದು ಒಳಿತು. ಜಿಲ್ಲಾ ಫೈರ್‌ವಾಲ್ ಗಡಿಯಲ್ಲಿ ನಿಂತು, ಗುಂಡ್ಲುಪೇಟೆಯಿಂದ 10.50.1.0/24 ಬಿಟ್ಟು ಬೇರಾವುದನ್ನೂ ಮುಂದಕ್ಕೆ ಸಾರದಂತೆ ಶೋಧಿಸಬಹುದು.

ತಾಲ್ಲೂಕು ಪ್ರದೇಶವನ್ನು ಸ್ಟಬ್ ಬಗೆಯದಾಗಿ ಮಾಡಿದರೆ ಇನ್ನೊಂದು ಲಾಭವಿದೆ. ಗಡಿಯ ಸಾಧನವೇ ಎಲ್ಲ ಹೊರದಾರಿಗೂ ಒಂದು ಡೀಫಾಲ್ಟ್ ಮಾರ್ಗವನ್ನು ತಾಲ್ಲೂಕಿಗೆ ನೀಡುತ್ತದೆ. ಜೊತೆಗೆ, ಹೊರಗಿನ ಮಾರ್ಗಗಳನ್ನು ತಂದು ಸಾರಲು ಸ್ಟಬ್ ಪ್ರದೇಶದೊಳಗಿನ ಸಾಧನಕ್ಕೆ ಅವಕಾಶವೇ ಇರುವುದಿಲ್ಲ. ತಾಲ್ಲೂಕಿನಲ್ಲಿ ಯಾರಾದರೂ ಆ ಗುಂಡಿಯನ್ನು ಒತ್ತಿದರೂ ಆ ಸಾರಿಕೆ ಜಿಲ್ಲೆಗೆ ಹಬ್ಬದು.

7. ಪರೀಕ್ಷೆ ಮತ್ತು ದಾಖಲೆ

ಅಳವಡಿಕೆಯ ಕೆಲಸವನ್ನು ಜಾಲದ ನಿರ್ವಹಣಾ ಸಂಸ್ಥೆಯ ಲಿಖಿತ ಒಪ್ಪಿಗೆ ಪಡೆದು, ಕಚೇರಿ ಸಮಯದ ನಂತರ, ಎರಡೂ ತುದಿಗಳಲ್ಲಿ ಒಬ್ಬೊಬ್ಬರು ಹಾಜರಿದ್ದು ಮಾಡತಕ್ಕದ್ದು. ಮೊದಲು ಚಾಲ್ತಿ ಸಂರಚನೆಯ ಪ್ರತಿಯನ್ನು ತೆಗೆದಿಟ್ಟುಕೊಳ್ಳಬೇಕು. ದೂರದ ತುದಿ ಕೈತಪ್ಪಿದರೆ ಸ್ಥಳದಲ್ಲಿರುವವರು ಕನ್ಸೋಲ್ ಕೇಬಲ್ ಮೂಲಕ ಸರಿಪಡಿಸುವಂತಿರಬೇಕು.

ಪರೀಕ್ಷೆಗಾಗಿ ಫೈರ್‌ವಾಲಿನ ಕೇಬಲ್ ಕೀಳುವುದು ಸಾಲದು. ಕಿತ್ತಾಗ ದೀಪ ಆರುವುದರಿಂದ ಸ್ಥಿರ ಮಾರ್ಗವೂ ಅಳಿಯುತ್ತದೆ. ಮೀಡಿಯಾ ಕನ್ವರ್ಟರಿನ ಆಚೆಯ ಫೈಬರನ್ನೇ ತೆಗೆದು, ದೀಪ ಉರಿಯುತ್ತಿರುವಾಗಲೇ ಸಂಚಾರ ಸುರಂಗಕ್ಕೆ ಬದಲಾಗುತ್ತದೆಯೇ ಎಂದು ನೋಡಬೇಕು. ಎರಡೂ ತುದಿಗಳಿಂದ ಟ್ರೇಸ್ ಮಾಡಿ, ಹೋಗುವ ಮತ್ತು ಮರಳುವ ದಾರಿ ಒಂದೇ ಎಂದು ಖಚಿತಪಡಿಸಿಕೊಳ್ಳಬೇಕು. ಬಳಿಕ ನಿತ್ಯದ ತಂತ್ರಾಂಶವನ್ನು ತೆರೆದು ಒಂದು ದಾಖಲೆಯನ್ನು ಉಳಿಸಿ ನೋಡಬೇಕು. ಪಿಂಗ್ ಬಂದರೆ ಕೆಲಸ ಮುಗಿಯಲಿಲ್ಲ.

40 ಸೆಕೆಂಡುಗಳ ಕಾಯುವಿಕೆ ಹೆಚ್ಚೆನಿಸಿದರೆ, ಎರಡೂ ಸಾಧನಗಳು ಬೆಂಬಲಿಸುವುದಾದರೆ ಬಿಎಫ್‌ಡಿ ಎಂಬ ಸಹಾಯಕ ನಿಯಮಾವಳಿಯಿಂದ ಅದನ್ನು ಒಂದು ಸೆಕೆಂಡಿನ ಒಳಕ್ಕೆ ಇಳಿಸಬಹುದು. ಆದರೆ ಪದೇ ಪದೇ ತುಸು ತಡವರಿಸುವ ಸಂಪರ್ಕದಲ್ಲಿ ಅಷ್ಟು ಅವಸರ ಬೇಡ. ನಿಮಿಷಕ್ಕೆ ಹತ್ತು ಬಾರಿ ಬದಲಾಗುವ ದಾರಿಗಿಂತ 40 ಸೆಕೆಂಡು ಕಾದು ಬದಲಾಗುವ ದಾರಿ ಮೇಲು.

ದೇಶದ ಗಣಕ ತುರ್ತು ಸ್ಪಂದನಾ ತಂಡವಾದ ಸರ್ಟ್‌-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಲಾಗ್‌ಗಳನ್ನು 180 ದಿನ ಕಾಯ್ದಿರಿಸಬೇಕು. ಸೂಚಿತ ಬಗೆಯ ಸೈಬರ್ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು. ಸಾಧನಗಳ ಗಡಿಯಾರವನ್ನು ಅಧಿಕೃತ ಸಮಯದೊಂದಿಗೆ ಹೊಂದಿಸಬೇಕು. ನೆರೆತನ ಕಡಿದ ಮತ್ತು ಕೂಡಿದ ದಾಖಲೆಗಳೂ ಈ ಲಾಗ್‌ಗಳಲ್ಲಿ ಸೇರಿರಲಿ. ಅಪರಿಚಿತ ಗುರುತಿನ ನೆರೆಯ ಸಾಧನವೊಂದು ಕಾಣಿಸಿಕೊಂಡರೆ ಅದನ್ನು ತಾಂತ್ರಿಕ ತೊಡಕೆಂದು ಬದಿಗಿಡದೆ ಭದ್ರತೆಯ ಘಟನೆಯೆಂದು ಪರಿಗಣಿಸಿ, ಕೂಡಲೇ ಮೇಲಧಿಕಾರಿಗಳ ಗಮನಕ್ಕೆ ತರಬೇಕು.

8. ಪಾಲನೆಗಾಗಿ

ತಾಲ್ಲೂಕು ಪಂಚಾಯತ್ ಕಾರ್ಯನಿರ್ವಾಹಕ ಅಧಿಕಾರಿಗಳಲ್ಲಿ ಮೂರು ವಿನಂತಿಗಳು. ಒಂದು, ಎರಡನೆಯ ಸಂಪರ್ಕಕ್ಕೆ ಬಿಲ್ಲು ಪಾವತಿಸುತ್ತಿದ್ದರೆ, ಅದು ಮೊದಲನೆಯದು ಕಡಿದಾಗ ತಾನಾಗಿ ಬಳಕೆಗೆ ಬರುತ್ತದೆಯೇ ಎಂಬುದನ್ನು ತಮ್ಮ ಸಮಕ್ಷಮದಲ್ಲಿ ಪರೀಕ್ಷಿಸಿ ನೋಡುವುದು. ಎರಡು, ಆ ಪರೀಕ್ಷೆಯನ್ನು ಮೂರು ತಿಂಗಳಿಗೊಮ್ಮೆ ಪುನರಾವರ್ತಿಸಿ, ದಿನಾಂಕ, ಬದಲಾವಣೆಗೆ ಹಿಡಿದ ಸೆಕೆಂಡುಗಳು ಮತ್ತು ಹಾಜರಿದ್ದವರ ಸಹಿಯನ್ನು ವಹಿಯಲ್ಲಿ ದಾಖಲಿಸುವುದು. ಮೂರು, ಗುಪ್ತಪದ ಬಲ್ಲ ಸಿಬ್ಬಂದಿ ವರ್ಗಾವಣೆಯಾದಾಗ ಅಥವಾ ಗುತ್ತಿಗೆ ಮುಗಿದಾಗ ಅದನ್ನು ಎರಡೂ ತುದಿಗಳಲ್ಲಿ ಬದಲಾಯಿಸುವುದು.

ಗಣಕ ವಿಭಾಗದ ಸಹೋದ್ಯೋಗಿಗಳಲ್ಲಿ ಒಂದೇ ವಿನಂತಿ. ಇನ್ನು ಮುಂದೆ ಕೌಂಟರಿನಿಂದ ‘ಸರ್ವರ್ ಇಲ್ಲ’ ಎಂಬ ಕರೆ ಬಂದಾಗ, ಆ ಮಾತನ್ನು ಹಾಗೆಯೇ ಸ್ವೀಕರಿಸದಿರಿ. ನೆರೆತನ ನೋಡಿ, ಹೋಗುವ ದಾರಿ ನೋಡಿ, ಮರಳುವ ದಾರಿಯನ್ನೂ ನೋಡಿ. ಸಮಸ್ಯೆ ಎಲ್ಲಿದೆ ಎಂಬುದನ್ನು ನಿಖರವಾಗಿ ಹೇಳಬಲ್ಲ ಸಿಬ್ಬಂದಿ ಇರುವ ಕಚೇರಿಯಲ್ಲಿ ಸಾರ್ವಜನಿಕರು ‘ನಾಳೆ ಬನ್ನಿ’ ಎಂಬ ಉತ್ತರವನ್ನು ಕಡಿಮೆ ಕೇಳುತ್ತಾರೆ.